ಅರ್ಧ ಮನೆ, ಇಡೀ ಬಿರುಕು

ಅಮ್ಮ ಮನೆಯನ್ನು ಇಬ್ಬರು ಹೆಣ್ಣುಮಕ್ಕಳಿಗೂ ಸಮನಾಗಿ ಬರೆದಿಟ್ಟು ಹೋಗಿದ್ದಾಳೆಂದು ವಕೀಲ ಓದಿ ಹೇಳಿದಾಗ ವರ್ನಾ ಟಟಲ್ ಮೆಲ್ಲಗೆ ತಲೆಯಾಡಿಸಿದಳು. ಎಲ್ಲರಿಗೂ ಕಾಣುವ ಹಾಗೆ ತಂಗಿಯ ಕೈಯನ್ನೂ ಹಿಡಿದುಕೊಂಡಳು. ಆದರೆ 'ಸಮನಾಗಿ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಒಂಬತ್ತು ವರ್ಷ ಅಮ್ಮನನ್ನು ಎತ್ತಿ ಕೂರಿಸಿದವಳು, ಹಲ್ಲಿನ ಸೆಟ್ಟು ತೊಳೆದವಳು, ಕಿವಿ ಕೇಳದ ಅಮ್ಮನ ಜೊತೆ ಕೂತು ಮನೆ ಅದುರುವ ದನಿಯಲ್ಲಿ ಟಿವಿ ನೋಡಿದವಳು ವರ್ನಾ. ಓಹಾಯೋದಲ್ಲಿದ್ದ ಕೊರಿನ್ ಮಾಡಿದ್ದೆಂದರೆ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಪೆಟ್ಟಿಗೆ ಪೇರ್ ಹಣ್ಣು ಕಳಿಸಿದ್ದು, ಮನೆಯ ವಿಮೆಯ ಕಂತು ಕಟ್ಟಿದ್ದು. ಆ ಹಣ್ಣು ಬರುವಾಗ ಕಲ್ಲಿನಂತಿರುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಹದವಾಗಿದ್ದು ಮರುದಿನ ಕೊಳೆಯುತ್ತಿತ್ತು. ತಂಗಿಯ ಪ್ರೀತಿಯೂ ಅದೇ ಜಾತಿಯದು ಎಂದು ವರ್ನಾ ತೀರ್ಮಾನಿಸಿದ್ದಳು.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಕೊಲ್ಲಿಯ ನೀರಿಗೆ ಮುಖ ಮಾಡಿದ ಒಂದು ಫ್ಲ್ಯಾಟು, ಅದರ ಬಾಲ್ಕನಿಯಲ್ಲಿ ಒಂದೇ ಒಂದು ಕುರ್ಚಿ. ಎರಡನೆಯ ಕುರ್ಚಿ ಹಾಕಿದರೆ ಯಾರಾದರೂ ಬಂದು ಕೂತು, ಒಂದು ಲೋಟ ನೀರು ಕೊಡು ಎನ್ನುತ್ತಾರೆ. ಮನೆ ಮಾರಿದ ಹಣವೆಲ್ಲ ಕೈಗೆ ಬಂದರೆ ಅದು ಸಾಧ್ಯವಿತ್ತು. ಅರ್ಧದಲ್ಲಿ ಬಾಲ್ಕನಿಯೇ ಇಲ್ಲದ ಫ್ಲ್ಯಾಟು ಸಿಗುತ್ತಿತ್ತು. ಅದೂ ಕೊರಿನ್ ಮಾರಲು ಒಪ್ಪಿದರೆ. ಕೊರಿನ್‌ಗೆ ಮನೆ ಮಾರುವ ಮನಸ್ಸೇ ಇರಲಿಲ್ಲ. ಅಮ್ಮನ ಮನೆ, ಇರಲಿ, ನೀನು ಹಾಯಾಗಿ ಇದ್ದುಬಿಡು ಎನ್ನುತ್ತಿದ್ದಳು, ಏನೋ ದೊಡ್ಡ ದಾನ ಮಾಡುವವಳ ಹಾಗೆ.

ಜನವರಿಯಲ್ಲಿ ವಿಮೆ ಹೊಸದು ಮಾಡಿಸುವಾಗ ಕೊರಿನ್ ಫೋನು ಮಾಡಿದಳು.

"ವರ್ನಿ, ನೆಲಕುಸಿತದ ವಿಮೆ ಸೇರಿಸ್ಲಾ ಬೇಡ್ವಾ ಅಂತ ಏಜೆಂಟ್ ಕೇಳ್ತಿದ್ದಾನೆ. ಅದು ಬೇಕಾದವರಿಗೆ ಮಾತ್ರವಂತೆ. ಈಗಿರೋ ಪಾಲಿಸಿ ನೆಲ ಪೂರ್ತಿ ಬಾಯಿಬಿಟ್ರೆ ಮಾತ್ರ ದುಡ್ಡು ಕೊಡೋದಂತೆ."

"ಅಮ್ಮ ಕೊನೇಗಾಲದಲ್ಲಿ ಎಷ್ಟು ತೂಕ ಇದ್ಳು ನಿಂಗೇ ಗೊತ್ತು. ಅವಳನ್ನ ತಡಕೊಂಡ ನೆಲ ನನ್ನನ್ನ ತಡಕೊಳ್ಳಲ್ವಾ?"

ಕೊರಿನ್ ನಕ್ಕಳು. ಅಲ್ಲಿಗೆ ಆ ವಿಷಯ ಮುಗಿಯಿತು. ವರ್ನಾ ಬೇಡವೆಂದ ಮೇಲೆ ಆ ಮನೆಯಲ್ಲಿ ಯಾವ ವಿಷಯವಾದರೂ ಮುಗಿದಂತೆಯೇ.

ವಿಮೆಯವರ ಈ ವ್ಯವಹಾರ ಅವಳಿಗೆ ತಮಾಷೆಯಾಗಿ ಕಂಡಿತ್ತು. ಮಾಮೂಲಿ ಪಾಲಿಸಿಯಲ್ಲಿ ಹಣ ಬರಬೇಕಾದರೆ ನೆಲ ಏಕಾಏಕಿ ಕುಸಿಯಬೇಕು, ಗುಂಡಿ ಬರಿಗಣ್ಣಿಗೆ ಕಾಣಬೇಕು, ಮನೆ ಜಖಂ ಆಗಬೇಕು, ಸಾಲದೆಂಬಂತೆ ಸರ್ಕಾರದವರು ಬಂದು ನಿಮ್ಮನ್ನು ಹೊರಗೆ ಹಾಕಬೇಕು. ಗೋಡೆ ಬಿರುಕು ಬಿಟ್ಟು, ಬಾಗಿಲು ಕಚ್ಚಿಕೊಂಡು, ನೀವು ಹೆದರಿ ಒಣಗಿಹೋದರೆ ಅದು ಅವರ ಚಿಂತೆಯಲ್ಲ. ಆ ಚಿಂತೆಗೆ ಬೇರೆ ವಿಮೆ, ಬೇರೆ ಕಂತು. ಹೆದರುಪುಕ್ಕಲರಿಗೆ ಮಾಡಿದ್ದು ಎಂದು ವರ್ನಾ ಪಕ್ಕದ ಮನೆಯ ಮಿರ್ತಾಗೆ ಹೇಳಿದಳು. ಕ್ಯೂಬಾದಿಂದ ಚಿಕ್ಕಂದಿನಲ್ಲೇ ಬಂದ ಮಿರ್ತಾ ಆ ವಿಮೆ ಮಾಡಿಸಿದ್ದಳು. ತನ್ನ ಪುಟ್ಟ ಬಟ್ಟಲಿನ ಕಾಫಿ ಕುಡಿದಳು.

ಫೆಬ್ರುವರಿಯಲ್ಲಿ ವಿಮೆ ಕಂಪನಿಯ ಮನುಷ್ಯ ಮನೆ ನೋಡಲು ಬರುತ್ತಾನೆಂದು ಕೊರಿನ್ ತಿಳಿಸಿದಳು. ಫ್ಲಾರಿಡಾದಲ್ಲಿ ವಿಮೆಯವರು ಬರುವುದು ಚಾವಣಿಗಾಗಿ. ಬಿರುಗಾಳಿಗೆ ಹೆಂಚು ಹಾರುತ್ತವೆಯೇ ಎಂಬುದೊಂದೇ ಅವರ ಜನ್ಮದ ಕಳವಳ. ವರ್ನಾ ಗ್ಯಾರೇಜಿನಿಂದ ಏಣಿಯನ್ನು ತಾನೇ ಎಳೆದು ತಂದು ಅಂಗಳದಲ್ಲಿಟ್ಟಳು. ಬಂದವನ ಹೆಸರು ಪ್ರೂಟ್. ಉದ್ದಕ್ಕೆ, ಸ್ವಲ್ಪ ಬಾಗಿದ, ವಿನಯದ ಮನುಷ್ಯ. ಅವಳು ಮಾಡಿದ್ದ ನಿಂಬೆಯ ಕಡುಬನ್ನು ಎರಡು ಸಲ ಹಾಕಿಸಿಕೊಂಡ. ಅಷ್ಟು ಮೆಚ್ಚುಗೆ ಕಂಡು ವರ್ನಾ ಉಬ್ಬಿ, ಕೋಣೆ ಕೋಣೆಗೂ ಕರೆದೊಯ್ದು ತೋರಿಸಿದಳು. ಅವನು ಒಂದೊಂದು ಗೋಡೆಯ ಚಿತ್ರವನ್ನೂ ತೆಗೆದುಕೊಂಡ. ಒಂದು ಕೂದಲೆಳೆ ಬಿರುಕು ತೋರಿಸಿ ನೋಡೋಣ ಎಂದು ಅವಳೇ ಸವಾಲು ಹಾಕಿದಳು. ಇಲ್ಲ ಮೇಡಂ, ಇಂಥ ಗಟ್ಟಿ ಮನೆ ಅಪರೂಪ ಎಂದ. ಒಬ್ಬ ಗಂಡಸು ಅವಳನ್ನು ಹೊಗಳಿ ಎಷ್ಟೋ ವರ್ಷವಾಗಿತ್ತು. ಅದು ಮನೆಗೆ ಸಂದ ಹೊಗಳಿಕೆ ಎಂಬುದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಏಪ್ರಿಲಿನಲ್ಲಿ ಹಿಂದಿನ ರಸ್ತೆಯ ಒಂದು ಮನೆಯ ಅರ್ಧ ಭಾಗ, ಈಜುಕೊಳದ ಸಮೇತ, ನೆಲದೊಳಗೆ ಹೋಯಿತು. ಜನ ಬಿಸಿಲಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ನೋಡಿದರು. ವರ್ನಾ ನೋಡಿದ್ದು ಬೇರೆ. ಆ ಸಾಲಿನ ಅಷ್ಟೂ ಮನೆಗಳ ಮುಂದಿನ 'ಮಾರಾಟಕ್ಕಿದೆ' ಫಲಕಗಳು ಬಿಸಿಲಿಗೆ ಬಣ್ಣಗೆಡುತ್ತಿದ್ದವು. ಕೇಳುವವರಿರಲಿಲ್ಲ.

"ನಿಜವಾಗಿ ಗುಂಡಿ ಬೀಳಲೇಬೇಕು ಅಂತಿಲ್ಲ ಕಣೇ," ಎಂದಳು ಮಿರ್ತಾ. "ಇದೆಯಂತೆ ಅನ್ನೋ ಸುದ್ದಿ ಸಾಕು. ಮನೆ ಪುಕ್ಕಟೆ ಕೊಟ್ರೂ ಯಾರೂ ತಗೊಳ್ಳಲ್ಲ."

ಪುಕ್ಕಟೆ. ಆ ಪದವನ್ನು ವರ್ನಾ ಮನೆಗೆ ತಂದುಕೊಂಡಳು.

ಅವಳು ಅವಸರ ಮಾಡಲಿಲ್ಲ. ಸೋಮಾರಿಗಳು ಕೆಟ್ಟ ಅಪರಾಧ ಮಾಡುತ್ತಾರೆ ಎಂಬುದು ಅವಳ ಅಭಿಪ್ರಾಯ. ಗ್ರಂಥಾಲಯಕ್ಕೆ ಹೋಗಿ ಓದಿದಳು. ನೆಲ ಕುಸಿಯುವ ಮನೆಯ ಬಿರುಕು ನೇರವಾಗಿ ಇಳಿಯುವುದಿಲ್ಲ, ಸಿಮೆಂಟ್ ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನಂತೆ ಏರುತ್ತದೆ ಎಂದು ತಿಳಿಯಿತು. ಅಮ್ಮನ ಕೋಣೆಯ ಹೊರಗೋಡೆಯ ಮೇಲೆ ಉಳಿ ಹಿಡಿದು ಹಾಗೆಯೇ ಏರಿಸಿದಳು. ಹೊಸ ಗಾಯ ಬೆಳ್ಳಗೆ ಕಾಣಬಾರದೆಂದು ಟೀ ಬಳಿದಳು. ಬಾಗಿಲ ಬಿಜಾಗರಿಯ ಹಿಂದೆ ರಟ್ಟು ಮಡಿಸಿಟ್ಟು, ಬಾಗಿಲು ನೆಲಕ್ಕೆ ಕಚ್ಚುವಂತೆ ಮಾಡಿದಳು. ಹಿತ್ತಲಿನ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತಿ, ಕೆಳಗಿನ ಮರಳು ತೆಗೆದು, ಹುಲ್ಲನ್ನು ಮತ್ತೆ ಹಾಸಿದಳು. ಸ್ನಾನದ ತೊಟ್ಟಿಯಷ್ಟು ತಗ್ಗು ಬಿತ್ತು. ಕೊಕ್ಕರೆಯೊಂದು ಬಂದು ಅದರಲ್ಲಿ ನಿಂತು ಅವಳನ್ನು ನೋಡಿತು. ಅದರ ಚಿತ್ರವನ್ನೂ ತೆಗೆದಳು, ಅನುಕಂಪ ಹುಟ್ಟಿಸುವುದಕ್ಕೆ ಒಳ್ಳೆಯದಾಯಿತು.

ಎಲ್ಲಕ್ಕಿಂತ ಅವಳಿಗೆ ಹೆಮ್ಮೆಯೆನಿಸಿದ್ದು ಗೋಲಿಯ ವಿಡಿಯೋ. ಅಡುಗೆಮನೆಯ ಮೇಜಿನ ಎರಡು ಕಾಲುಗಳ ಕೆಳಗೆ ಅಮ್ಮನ ಪ್ರಾರ್ಥನೆ ಪುಸ್ತಕಗಳನ್ನಿಟ್ಟು, ಕಾಲು ಕಾಣದ ಹಾಗೆ ಕ್ಯಾಮೆರಾ ಹಿಡಿದಳು. ಗೋಲಿ ತಾನೇ ಉರುಳಿ ಹೋಗಿ ಬಿತ್ತು. ಅಮ್ಮನ ಧರ್ಮಶ್ರದ್ಧೆಯಿಂದ ಕೊನೆಗೂ ಯಾರಿಗಾದರೂ ಉಪಯೋಗವಾಯಿತು.

ಚಿತ್ರಗಳನ್ನು ಒಂದೇ ಸಲ ಕಳಿಸಲಿಲ್ಲ. ವಾರಕ್ಕೊಂದು, ನಿನಗೆ ಚಿಂತೆ ಬೇಡ ಎಂಬ ಒಂದು ಸಾಲಿನ ಜೊತೆ. ಕೊರಿನ್ ಫೋನಿನಲ್ಲಿ ಅತ್ತಳು. ಅಲ್ಲಿಂದ ಬಂದುಬಿಡು, ನನ್ನ ಮನೆಯಲ್ಲಿ ಕೋಣೆಯಿದೆ ಎಂದಳು. ವರ್ನಾ ಬಿಲ್ಕುಲ್ ಒಪ್ಪಲಿಲ್ಲ. ಅಮ್ಮನ ಮನೆ ಬಿಟ್ಟು ಬರುವುದು ಹೇಗೆ? ಆದರೆ ಸರ್ಕಾರದವರು ನಾಳೆ ಕೆಡವಿ ಎಂದರೆ ಆ ಖರ್ಚು ಇಬ್ಬರ ತಲೆಗೂ ಬರುತ್ತದೆ. ನಿನಗೆ ಮೊಮ್ಮಕ್ಕಳಿದ್ದಾರೆ, ನನಗೆ ಯಾರಿದ್ದಾರೆ? ನಿನ್ನ ಹೆಸರು ತೆಗೆದುಬಿಡೋಣ, ಬಂದದ್ದು ನನ್ನೊಬ್ಬಳ ಮೇಲೆಯೇ ಬರಲಿ. ಇದನ್ನು ಹೇಳುವಾಗ ವರ್ನಾಳ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ತಾನು ಇಷ್ಟು ಒಳ್ಳೆಯವಳೆಂದು ಅವಳಿಗೂ ತಿಳಿದಿರಲಿಲ್ಲ.

ಆಗಸ್ಟಿನಲ್ಲಿ ಹಕ್ಕು ಬಿಟ್ಟ ಪತ್ರ ಬಂತು, ಕೊರಿನ್ನಳ ದುಂಡು ಸಹಿಯೊಂದಿಗೆ. ಪದ್ಧತಿಯಂತೆ ಪತ್ರದಲ್ಲಿ ಕಾಣಿಸಿದ್ದ ಬೆಲೆ ಹತ್ತು ಡಾಲರು. ವರ್ನಾ ಹತ್ತು ಡಾಲರು ಕಳಿಸಿದಳು, ಜೊತೆಗೆ ಒಂದು ಪೆಟ್ಟಿಗೆ ಕಿತ್ತಳೆ. ಆಮೇಲೆ ರಟ್ಟು ತೆಗೆದಳು, ತಗ್ಗು ತುಂಬಿದಳು, ಬಿರುಕಿಗೆ ಸಿಮೆಂಟ್ ಮೆತ್ತಿ ಇಡೀ ಮನೆಗೆ ತಿಳಿಹಳದಿ ಬಣ್ಣ ಹೊಡೆಸಿದಳು. ಮಾರಾಟದ ಏಜೆಂಟ್ ಶನಿವಾರ ಬರುವವಳಿದ್ದಳು. ಕುರ್ಚಿಯನ್ನಂತೂ ವರ್ನಾ ಆಗಲೇ ಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಕೊರಿನ್ನಳ ಫೋನು ಬಂತು. ದನಿ ಮಗುವಿನಂತೆ ಸಂಭ್ರಮದಲ್ಲಿತ್ತು.

"ವರ್ನಿ, ಬೈಬೇಡ. ಆ ನೆಲಕುಸಿತದ ವಿಮೆ ಇದ್ಯಲ್ಲ, ಅದನ್ನ ನಾನು ಫೆಬ್ರುವರೀಲೇ ಮಾಡಿಸ್ಬಿಟ್ಟೆ. ನೀನು ಬೇಡ ಅಂದೆ, ಸರಿ. ಆದ್ರೆ ನೀನೊಬ್ಳೇ ಅಲ್ಲಿ ಮಲಗೋದು ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ. ಬಿಲ್ಲು ಹೇಗೂ ನನಗೇ ಬರುತ್ತಲ್ಲ."

ವರ್ನಾ ಹೊಸ ಬಣ್ಣದ ಗೋಡೆಯತ್ತ ತಿರುಗಿದಳು.

"ಸಹಿ ಹಾಕೋಕೆ ಮುಂಚೇನೇ ನೀನು ಕಳಿಸಿದ್ದ ಫೋಟೋ, ಆ ಗೋಲಿ ವಿಡಿಯೋ, ಎಲ್ಲಾ ವಿಮೆಯವರಿಗೆ ಕಳಿಸಿ ಪರಿಹಾರ ಕೇಳಿದ್ದೆ. ಪರಿಹಾರದ ದುಡ್ಡೆಲ್ಲಾ ನಿಂಗೇ ಸೇರ್ಲಿ ಅಂತಾನೇ ನಿಂಗೆ ಹೇಳ್ಲಿಲ್ಲ. ಇವತ್ತು ನೆಲ ಕೊರೆದು ನೋಡೋಕೆ ಬರ್ತಾರಂತೆ. ನಿನ್ನ ಮನೆ ಉಳೀತು ಕಣೇ."

ಹೊರಗೆ ಲಾರಿಯೊಂದು ಬಂದು ನಿಂತಿತು. ವರ್ನಾಳ ತಲೆ ಆಗಲೂ ಚುರುಕಾಗಿಯೇ ಓಡಿತು. ಬಿರುಕು ನಿಜವೆಂದರೆ ನೆಲ ಕುಸಿಯುವ ಮನೆ ಎಂಬ ಹಣೆಪಟ್ಟಿ, ಕೊಳ್ಳುವವರಿಗೆಲ್ಲ ಕಾನೂನಿನಂತೆ ಹೇಳಲೇಬೇಕು. ಸುಳ್ಳೆಂದರೆ ತಂಗಿಯ ಸಹಿಗೆ ಏನು ಉತ್ತರ? ಸರಿ, ನಿಜವೇ ಎನ್ನೋಣ, ಮೊದಲಿನಿಂದಲೂ ಇದ್ದ ಬಿರುಕು, ಸುಮ್ಮನೆ ಮೆತ್ತಿದೆ ಎನ್ನೋಣ. ಅಷ್ಟರಲ್ಲಿ ಲಾರಿಯ ಹಿಂದಿನ ಕಾರಿನಿಂದ ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯನೊಬ್ಬ ಇಳಿದ. ಕೈಯಲ್ಲಿ ಚಿತ್ರಗಳ ದಪ್ಪ ಕಟ್ಟು. ತಿಳಿಹಳದಿ ಗೋಡೆಯನ್ನು ನೋಡಿದ, ಚಿತ್ರ ನೋಡಿದ, ಮತ್ತೆ ಗೋಡೆ ನೋಡಿದ. ಆಮೇಲೆ ಅದೇ ವಿನಯದಿಂದ ಅವಳಿಗೆ ಟೊಪ್ಪಿಗೆ ಎತ್ತಿ ನಮಸ್ಕರಿಸಿದ.

ಆಗ ವರ್ನಾಗೆ ಫೆಬ್ರುವರಿಯ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ಕಡುಬು, ಹೊಗಳಿಕೆ, ಒಂದೊಂದು ಗೋಡೆಯ ಮುಂದೆಯೂ ನಿಂತ ಕ್ಯಾಮೆರಾ, ತಾನೇ ಹಾಕಿದ ಸವಾಲು. ಅವನು ಹೋದ ಮೇಲೆ ಏಣಿಯನ್ನು ಎಳೆದು ಒಳಗಿಡುವಾಗ ಅದರ ಕೆಳಗಿನ ಮೆಟ್ಟಿಲ ಮೇಲೆ ಮರಿ ಓತಿಯೊಂದು ಆರಾಮಾಗಿ ಬಿಸಿಲಿಗೆ ಮೈ ಕಾಯಿಸುತ್ತಿತ್ತು, ಅವಳು ಕೈಬೀಸಿ ಓಡಿಸಿದ್ದಳು. ಚಾವಣಿ ನೋಡಲು ಬಂದನೆಂದು ಅವಳು ನಂಬಿದ ಮನುಷ್ಯ ಅವತ್ತು ಒಮ್ಮೆಯೂ ತಲೆಯೆತ್ತಿ ಮೇಲೆ ನೋಡಿರಲಿಲ್ಲ, ಏಣಿಯನ್ನು ಮುಟ್ಟಿಯೂ ಇರಲಿಲ್ಲ.