ಬೆಂಕಿ ದಾಟಿದ ಬದು

"ಕಟಕಟೆಯಲ್ಲಿ ನಿಂತು ಏನು ಹೇಳ್ತೀಯ? ಇಲ್ಲೇ ಹೇಳು, ಆಮೇಲೆ ಹೊಸ್ತಿಲು ದಾಟು!"

ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಸೊಸೆ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಗಂಡನೆಂಬ ಪ್ರಾಣಿ ಅಂಗಳದಲ್ಲಿ, ಆಗಲೇ ಒರೆಸಿಟ್ಟಿದ್ದ ಬೈಕನ್ನು ಮತ್ತೆ ಒರೆಸುತ್ತಿದ್ದ. ತಾಯಿಯ ಗಂಟಲು ಏರಿದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಆ ತಾಯಿಯನ್ನು ಊರು ಬೆನ್ನ ಹಿಂದೆ ಗುಡುಗಮ್ಮ ಎಂದೇ ಕರೆಯುತ್ತಿತ್ತು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಂಟಿಯಾಗಿ ಕಲ್ಲು ಕಿತ್ತು ಬೀಳುಭೂಮಿಯನ್ನು ಹೊಲ ಮಾಡಿದ ಹೆಂಗಸು. ಅವರ ಮಾತಿಲ್ಲದೆ ಆ ಮನೆಯಲ್ಲಿ ಒಲೆಯೂ ಹೊತ್ತುತ್ತಿರಲಿಲ್ಲ.

"ನಿಜ ಹೇಳ್ಬೇಕಲ್ವಾ ಅತ್ತೆ..."

"ಉಂಡ ಮನೆಗೆ ಎರಡು ಬಗೆಯೋದಕ್ಕೆ ನಿಜ ಅಂತ ಹೆಸರಿಟ್ಯಾ? ಬೆಂಕಿ ಆರೋವರೆಗೂ ಅಲ್ಲೇ ಇದ್ದೆ ಅನ್ನು, ಅಷ್ಟೇ. ಬೇರೆ ಮಾತು ಬಂತೋ, ಅಲ್ಲಿಂದಲೇ ನಿನ್ನ ಅಣ್ಣನ ಹಿಂದೆ ಹೋಗು!"

ತವರಿನ ಹೊಲವೂ ಗಂಡನ ಮನೆಯ ಹೊಲವೂ ಒಂದೇ ಬದುವಿನ ಆಚೆ ಈಚೆ. ಮದುವೆಯಾದಾಗ ಎಲ್ಲರೂ ಅವಳನ್ನು ಅದೃಷ್ಟವಂತೆ ಎಂದಿದ್ದರು. ಪಾಪ, ನಡುವೆ ಸಿಕ್ಕಿಕೊಂಡವಳ ಪಾಡು ಅವರಿಗೇನು ಗೊತ್ತು! ಕೊಯ್ಲಾದ ಮೇಲೆ ಕೂಳೆ ಸುಡುವಾಗ ಎರಡೂ ಮನೆಗಳು ಒಪ್ಪಿಕೊಂಡ ಒಂದು ಕಟ್ಟುಪಾಡಿತ್ತು: ಬೆಂಕಿ ಹಚ್ಚಿದ ಮನೆಯವರೊಬ್ಬರು ಒದ್ದೆ ಗೋಣಿಚೀಲ ಹಿಡಿದು, ಕೊನೆಯ ಹೊಗೆ ಆರುವ ತನಕ ಬದು ಕಾಯಬೇಕು. ಆ ದಿನ ಕಾವಲಿಗೆ ನಿಂತವಳು ಸೊಸೆ. ಮೂಲೆಯಲ್ಲಿ ಒಂದು ಮರದ ಬೊಡ್ಡೆ ಇನ್ನೂ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಮನೆಯಿಂದ ಗುಡುಗು: "ಬೂದಿ ನೋಡ್ತಾ ನಿಂತ್ರೆ ನನ್ನ ಸ್ನಾನಕ್ಕೆ ನೀರು ಕಾಯಿಸೋರು ಯಾರು? ಬಾ ಈಗಲೇ!" ಇನ್ನೂ ಹೊಗೆ ಇದೆ ಎಂದು ಅವಳು ಕೂಗಿ ಹೇಳಿದಳು. ಮತ್ತೆ ಗುಡುಗಿದಾಗ ಓಡಿದಳು. ನೀರು ಬಿಸಿಯಾಗುವ ಮೊದಲೇ ಗಾಳಿ ಎದ್ದಿತು... ಕಿಡಿ ಬದು ದಾಟಿ ಅಣ್ಣನ ಬಣವೆ ಹಿಡಿಯಿತು, ಬಣವೆಯಿಂದ ಕೊಟ್ಟಿಗೆಗೆ ಹಾರಿತು. ಅಲ್ಲಿ ಕಟ್ಟಿಹಾಕಿದ್ದ ಗಬ್ಬದ ಹಸುವಿನ ಕೂಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅಣ್ಣ ಪರಿಹಾರ ಕೇಳಿ ದಾವೆ ಹೂಡಿದ್ದ. ಕಿಡಿ ಹಾರಿದ್ದು ಅವನದೇ ಪಂಪ್‌ಸೆಟ್ಟಿನ ತಂತಿಯಿಂದ ಎಂದು ಗುಡುಗಮ್ಮನ ವಕೀಲರು ವಾದಿಸಿದ್ದರು. ಕಾವಲು ಬಿಟ್ಟದ್ದು ಸಾಬೀತಾಗದಿದ್ದರೆ ಎಲ್ಲ ಕಳೆದುಕೊಂಡ ಅಣ್ಣನಿಗೆ ಬಿಡಿಗಾಸೂ ಇಲ್ಲ. ಸಾಬೀತಾದರೆ ಪರಿಹಾರಕ್ಕಾಗಿ ಗುಡುಗಮ್ಮನ ಕೆಳಗಿನ ಹೊಲವೇ ಹೋಗಬೇಕು. ಕಂಡವಳು ಅವಳೊಬ್ಬಳೇ.

"ಬೆಂಕಿ ಪೂರ್ತಿ ಆರೋವರೆಗೂ ನೀವು ಅಲ್ಲಿದ್ರಾ?" ಕೋರ್ಟಿನಲ್ಲಿ ಅಣ್ಣನ ವಕೀಲರು ಕೇಳಿದರು.

ಅವಳು ಅಣ್ಣನ ಮುಖ ನೋಡಿದಳು. ಅತ್ತೆಯ ಮುಖ ನೋಡಿದಳು. ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ. ಇನ್ನೂ ಹೊಗೆ ಇತ್ತು. ಬಿಟ್ಟು ಹೋದೆ."

"ಯಾರಾದ್ರೂ ಕರೆದ್ರಾ?"

"ಯಾರೂ ಕರೀಲಿಲ್ಲ. ನಂಗೇ ಬೇಜಾರಾಗಿ ಹೋದೆ. ತಪ್ಪು ನನ್ನೊಬ್ಬಳದೇ..."

ಗುಡುಗಮ್ಮನ ವಕೀಲರ ಮುಖ ಅರಳಿತು. ತಟ್ಟನೆ ಎದ್ದರು. "ಕೇಳಿದಿರಲ್ಲ ಸ್ವಾಮಿ! ನಮ್ಮ ಕಕ್ಷಿದಾರರು ಕಾವಲು ಇಟ್ಟಿದ್ರು. ಹೇಳದೆ ಕೇಳದೆ ಹೋದವರು ಈಕೆ. ನಷ್ಟಕ್ಕೆ ಹೊಣೆಯೂ ಈಕೆಯೇ!"

ಅವಳಲ್ಲಿದ್ದದ್ದು ಮೈಮೇಲಿನ ಚೂರುಪಾರು ಚಿನ್ನ. ಸುಟ್ಟ ಕೊಟ್ಟಿಗೆಗೆ ಅದು ಯಾವ ಮೂಲೆಗೂ ಸಾಲದು. "ಹೀಗ್ಯಾಕೆ ಮಾಡ್ದೆ ತಂಗೀ..." ಎಂದು ಅಣ್ಣ ಬೆಂಚಿನ ಮೇಲೆ ಕುಸಿದ. ಅಯ್ಯೋ, ಎರಡೂ ಮನೆ ಉಳಿಸಲು ಹೋಗಿ ಅವಳು ಎರಡಕ್ಕೂ ಬೇಡವಾದಳು!

"ಸುಳ್ಳು!"

ಅತ್ತೆ ಎದ್ದು ನಿಂತಿದ್ದರು. ಕೂರಿಸಲು ಬಂದ ವಕೀಲರ ಕೈಯನ್ನು ಕೊಡವಿದರು.

"ಶುದ್ಧ ಸುಳ್ಳು ಸ್ವಾಮಿ! ತಾನಾಗೇ ಹೋದಳಂತೆ! ನಮ್ಮನೆಗೆ ಬಂದಾಗಿಂದ ನನ್ನ ಕೇಳದೆ ಒಂದು ಹೆಜ್ಜೆ ಇಟ್ಟವಳಲ್ಲ ಇವಳು. ಇಡೋಕೆ ನಾನು ಬಿಟ್ಟಿಲ್ಲ! ತವರು ಕೂಗಳತೆ ದೂರ... ಹೆತ್ತಮ್ಮನ ಮುಖ ನೋಡೋಕೂ ನನ್ನ ಅಪ್ಪಣೆ ಕಾಯೋಳು, ಕಾವಲು ಬಿಟ್ಟು ತಾನಾಗಿ ಹೋಗ್ತಾಳಾ? ಊರಲ್ಲಿ ಯಾರನ್ನಾದ್ರೂ ಕೇಳಿ! ಕರೆದವಳು ನಾನು. ಹೊಗೆ ಇದೆ ಅತ್ತೆ ಅಂದ್ಲು. ಇದ್ರೆ ಇರ್ಲಿ ಬಾ ಅಂದೆ. ಯಾತಕ್ಕೆ? ನನ್ನ ಸ್ನಾನದ ನೀರಿಗೆ..."

ಆ ಗಂಟಲು ಒಡೆದದ್ದನ್ನು ಮಗ ಕೇಳಿದ್ದು ಅದೇ ಮೊದಲು.

"ಅಮ್ಮಾ, ಹೊಲ ಹೋಗುತ್ತೆ," ವಕೀಲರು ಪಿಸುಗುಟ್ಟಿದರು.

"ಹೋಗ್ಲಿ. ಕಲ್ಲು ಕಿತ್ತವಳೂ ನಾನೇ, ಕಳೆದವಳೂ ನಾನೇ. ಅವಳ ತಲೆಗೆ ಕಟ್ಟಬೇಡಿ."

ಇನ್ನು ಸಾಬೀತು ಮಾಡಲು ಏನೂ ಉಳಿದಿರಲಿಲ್ಲ. ಕೆಳಗಿನ ಹೊಲವನ್ನು ಅಣ್ಣನಿಗೆ ಬಿಟ್ಟುಕೊಡುವುದೆಂದು ಅಂದೇ ಒಪ್ಪಿಗೆಯಾಯಿತು. ಅತ್ತೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಎಲ್ಲರೂ ಹೊರಗೆ ಬಂದರು. ಮೆಟ್ಟಿಲ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಗಂಡ. ಯಾರ ಹಿಂದೆ ಹೋಗುವುದೆಂದು ತಿಳಿಯದೆ ಅವಳು ನಡುವೆ ನಿಂತುಬಿಟ್ಟಳು.

ಅತ್ತೆ ಹತ್ತಿರ ಬಂದರು. ಮುಖ ಮಾತ್ರ ಬೇರೆಲ್ಲೋ ನೋಡುತ್ತಿತ್ತು.

"ಅಣ್ಣನ ಜೊತೆ ಹೋಗು. ಅಮ್ಮನ್ನ ಮಾತಾಡಿಸ್ಕೊಂಡು ಬಾ."

"ಯಾವಾಗ ಬರ್ಲಿ ಅತ್ತೆ?"

ಅತ್ತೆ ಈಗ ಅವಳತ್ತ ತಿರುಗಿದರು. "ಅದನ್ನೂ ನನ್ನೇ ಕೇಳ್ತೀಯಲ್ಲೇ... ನೀನೇ ಹೇಳು ಮಗಳೇ."

ಅಂಥ ಪ್ರಶ್ನೆಗೆ ಉತ್ತರ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಕಣ್ಣೀರು ಒರೆಸಿಕೊಂಡು, ಯೋಚಿಸಿ, ಮೆಲ್ಲಗೆ ಹೇಳಿದಳು.

"ಸಂಜೆಗೆ ಬರ್ತೀನಿ."

ಅತ್ತೆ ತಲೆಯಾಡಿಸಿ, ಮಗನ ಹೆಗಲು ಹಿಡಿದು ಮೆಟ್ಟಿಲು ಇಳಿದರು.