ವೇಕ್ ದ್ವೀಪದ ಭಾನುವಾರ

"ಎಲ್ಲಿಗೆ ಹೊರಟೆ?"

ವಿಮಾನದ ಬಾಗಿಲಲ್ಲಿ ನಿಂತಿದ್ದ ಡೆಲ್ಫೀನಾ ಕೇಳಿದಳು. ಹೆಗಲಿಗೆ ಚೀಲ ಹಾಕಿಕೊಂಡು ವಿಸೆಂಟೆ ಮೆಟ್ಟಿಲು ಹತ್ತಿ ಬಂದಿದ್ದ.

"ನಮ್ಮೂರಿಗೆ, ಗುವಾಮಿಗೆ. ಇಲ್ಲಿನ ಕೆಲಸ ಬಿಟ್ಟೆ."

ಅವಳು ಆ ಚೀಲವನ್ನೇ ನೋಡಿದಳು. ಇವನಿಗೆ 'ಹೂಂ' ಅನ್ನುವುದಕ್ಕೆಂದೇ ತಾನು ಬಂದದ್ದು... ಇವನು ನೋಡಿದರೆ ಗಂಟುಮೂಟೆ ಕಟ್ಟಿದ್ದಾನೆ!

ಅದು ಸೈನಿಕರನ್ನು ವಿಯೆಟ್ನಾಂ ಯುದ್ಧಕ್ಕೆ ಒಯ್ಯುವ ಬಾಡಿಗೆ ವಿಮಾನ. ಹೊನಲುಲುವಿನಿಂದ ಹೊರಟು, ಇಂಧನ ತುಂಬಿಸಿಕೊಳ್ಳಲು ವೇಕ್‌ನಲ್ಲಿ ಇಳಿದು, ಗುವಾಮಿಗೆ ಹೋಗುತ್ತಿತ್ತು. ಡೆಲ್ಫೀನಾ ಅದರ ಗಗನಸಖಿ. ವಿಸೆಂಟೆ ವೇಕ್‌ನಲ್ಲಿ ಇಂಧನ ತುಂಬಿಸುವವನು. ಕಳೆದ ಸಲ ಅವನೇ ಕೇಳಿದ್ದ: "ನನ್ನ ಮದುವೆ ಆಗ್ತೀಯಾ? ಇಷ್ಟ ಇದ್ರೆ ಭಾನುವಾರದ ವಿಮಾನದಲ್ಲಿ ಬಾ. ಇಲ್ಲಾಂದ್ರೆ ಬರ್ಬೇಡ. ಬಾಯಿಬಿಟ್ಟು ಬೇಡ ಅನ್ನೋ ಕಷ್ಟ ನಿಂಗ್ಯಾಕೆ?"

ಗೆಳತಿಯ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡು ಅವಳು ಬಂದಿದ್ದಳು.

"ಕೇಳೋದು ಕೇಳಿ ಓಡಿಹೋಗ್ತಿದ್ದೀಯಾ? ನಾಚಿಕೆ ಆಗಲ್ವಾ ನಿಂಗೆ?"

"ನಾನು ಓಡಿಹೋದ್ನಾ? ನಿನ್ನೆ ಕತ್ತಲಾಗೋವರೆಗೂ ರನ್‌ವೇ ಪಕ್ಕ ಕಾದೆ. ಬಂದ ವಿಮಾನ ಒಂದರಲ್ಲೂ ನೀನಿರ್ಲಿಲ್ಲ!"

"ನಿನ್ನೆ ಯಾಕೆ ಕಾದೆ? ಭಾನುವಾರ ಇವತ್ತು!"

"ಇವತ್ತು ಸೋಮವಾರ ಕಣೇ!"

ಡೆಲ್ಫೀನಾ ಹಣೆ ಚಚ್ಚಿಕೊಂಡಳು.

ಹವಾಯಿಯಿಂದ ವೇಕ್‌ಗೆ ಬರುವಾಗ ಸಾಗರದ ನಡುವೆ ತಾರೀಖಿನ ಗೆರೆ ದಾಟಬೇಕು, ದಾಟಿದರೆ ಒಂದು ದಿನ ಹೋಯಿತೆಂದೇ ಲೆಕ್ಕ: ಅಲ್ಲಿ ಭಾನುವಾರವಾದರೆ ಇಲ್ಲಿ ಸೋಮವಾರ. "ನಿಮ್ಮ ಭಾನುವಾರ ಸಮುದ್ರಕ್ಕೆ ಬಿತ್ತು" ಎಂದು ಇದೇ ಡೆಲ್ಫೀನಾ ಅದೇ ದಿನ ಮೈಕಿನಲ್ಲಿ ಹೇಳಿ ಸೈನಿಕರನ್ನು ನಗಿಸಿದ್ದಳು! ಊರಿಗೆಲ್ಲ ಹೇಳಿದವಳಿಗೆ ತನ್ನ ಲೆಕ್ಕವೇ ಹೊಳೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುತ್ತಾರೆಯೇ?

"ಯಾವ ಕಡೆ ಭಾನುವಾರ ಅಂತ ನೀನಾದ್ರೂ ಹೇಳ್ಬಾರ್ದಿತ್ತಾ?"

"ನನ್ ಹತ್ರ ಇದ್ದಿದ್ದು ಒಂದೇ ಭಾನುವಾರ!"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಮತ್ತೆ ವಿಮಾನ ಹತ್ತಲು ಕೆಳಗೆ ಸಾಲುಗಟ್ಟಿದ್ದ ಸೈನಿಕರಲ್ಲೊಬ್ಬ ಕೂಗಿದ. "ಬೇಗ ಒಪ್ಕೊಳ್ಳಿ ಮೇಡಂ, ಇಲ್ಲಿ ತಲೆ ಸುಡ್ತಿದೆ! ಯುದ್ಧಕ್ಕೆ ಹೋಗೋಕೇನೂ ನಮಗೆ ಅವಸರ ಇಲ್ಲ ಬಿಡಿ, ಅದೆಲ್ಲಿಗೆ ಓಡಿಹೋಗತ್ತೆ?"

ಎಲ್ಲರೂ ನಕ್ಕರು. ಡೆಲ್ಫೀನಾ ಆ ಹುಡುಗರ ಮುಖ ನೋಡಿದಳು. ಇವರೆಲ್ಲ ಯುದ್ಧಕ್ಕೆ ಹೊರಟವರು. ತನ್ನವನಾದರೂ ಮನೆಗೆ ಹೊರಟಿದ್ದಾನೆ. ಇನ್ನು ಬಿಂಕ ಯಾಕೆ?

"ಕೆಲಸ ವಾಪಸ್ ಸಿಗಲ್ವಾ?" ಮೆಲ್ಲಗೆ ಕೇಳಿದಳು.

"ಬೆಳಿಗ್ಗೆನೇ ಬೇರೆಯವ್ನನ್ನ ಹಾಕ್ಕೊಂಡ್ರು. ಹೋಗ್ಲಿ ಬಿಡು." ವಿಸೆಂಟೆ ತಲೆ ತಗ್ಗಿಸಿದ. "ಅಮ್ಮಂಗೆ ನಿನ್ ವಿಷಯ ಎಲ್ಲಾ ಗೊತ್ತು. ಮನೆಗೆ ಕಾಲಿಟ್ಟ ಕೂಡ್ಲೇ ಕೇಳ್ತಾಳೆ, ಆ ಹುಡುಗಿ ಏನಂದ್ಲು ಅಂತ. ನಾನೇನ್ ಹೇಳ್ಲಿ?"

ಅವಳು ಅವನ ಹೆಗಲಿನ ಚೀಲವನ್ನು ತೆಗೆದುಕೊಂಡು ಒಳಗಿಟ್ಟಳು.

"ನೀನೇನೂ ಹೇಳ್ಬೇಡ. ನನ್ನನ್ನ ಕರ್ಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸು. ನಾನೇ ಹೇಳ್ತೀನಿ."