ಕೆಂಪವ್ವ ನೂತ ಕಂಬಳಿ

"ಆ ಕಂಬಳಿ ಮೈಮ್ಯಾಲ ಹಾಕೋಬ್ಯಾಡ ಬೇ ಕೋಮಲಾ." ನೆರೆಮನೆಯ ಮುದುಕಿ ಜನಾಬಾಯಿ ಹಿತ್ತಿಲ ಬೇಲಿಯಾಚೆ ನಿಂತು ಪಿಸುಗುಟ್ಟಿದಳು. "ನಿಮ್ಮವ್ವ ಬಾಗಲಾ ಹಾಕ್ಕೊಂಡು ಅದರ ನೂಲು ತಗದಾಳ. ಎಡಗೈಲೆ ತಕಲಿ ತಿರುಗಿಸಿ, ನಿನ್ನ ಹೆಸರ ಹೇಳಕೋಂತ. ನಾ ಕಿಂಡ್ಯಾಗಿಂದ ನೋಡೀನಿ."

"ಆಯಿ, ರಾತ್ರಿ ಯಾವ ಸೀರಿಯಲ್ ನೋಡಿದ್ರಿ?" ಕೋಮಲ ನಕ್ಕಳು. "ಕಂಬಳಿ ಚುಚ್ಚತೈತಿ, ಅಷ್ಟ. ಅದಕ್ಕೂ ಮಾಟ ಅಂತೀರಲ್ರಿ!"

ಮುದುಕಿ ನಗಲಿಲ್ಲ. "ಹೊದ್ದಿದ್ರ ಎಳಿ ಎಳಿ ಬಿಚ್ಚಬೇಕು. ಕತ್ತರಿ ಮಾತ್ರ ಹಾಕಬ್ಯಾಡ," ಎಂದವಳೇ ಸರಸರನೆ ಒಳಗೆ ಹೋದಳು.

ಮೂರು ವರ್ಷ ಮಿರಜದ ಲ್ಯಾಬಿನಲ್ಲಿ ರಕ್ತದ ಹನಿಯೊಳಗೆ ರೋಗ ಹುಡುಕಿದವಳು ಕೋಮಲ. ಲ್ಯಾಬು ಮುಚ್ಚಿದಾಗ ಬೇಸಿಗೆಯಲ್ಲಿ ಕಬ್ಬೂರಿನ ಮನೆಗೆ ಮರಳಿದ್ದಳು. ಮೊದಲ ಎಂಟು ದಿನ ಹೋಳಿಗೆ. ಆಮೇಲೆ ಶುರುವಾಯಿತು: ಎಷ್ಟೊತ್ತಿಗೆ ಏಳುತ್ತಾಳೆ, ಫೋನಿನಲ್ಲಿ ಯಾರ ಜೊತೆ ಮಾತು, ಕೂದಲಿಗೆ ಆ ಕೆಂಪು ಬಣ್ಣ ಯಾಕೆ. ಊರಿಗೆ ಮರಳಿದ ಮಗನನ್ನು ಜನ 'ಬಂದಾನ' ಅನ್ನುತ್ತಾರೆ. ಮರಳಿದ ಮಗಳನ್ನು 'ಮನ್ಯಾಗ ಕುಂತಾಳ' ಅನ್ನುತ್ತಾರೆ.

ಅಣ್ಣ ನಾಮದೇವನಿಗೆ ಮೂವತ್ತಮೂರು ದಾಟಿತ್ತು. ಕುರಿ ಹಿಂದೆ ತಿರುಗುವವನಿಗೆ ಹೆಣ್ಣು ಕೊಡುವವರಿರಲಿಲ್ಲ. ಕಡೆಗೆ ರಾಯಬಾಗದ ಕಡೆಯ ಒಂದು ಮನೆ ಒಪ್ಪಿತ್ತು, ಸಾಟಿಗೆ. ಅವರ ಮಗಳು ಇಲ್ಲಿಗೆ ಬರಬೇಕಾದರೆ ಈ ಮನೆಯ ಮಗಳು ಅವರ ಮಗನಿಗೆ ಹೋಗಬೇಕು.

"ನನ್ನ ಕೊಟ್ಟು ನಿನಗ ಹೇಣ್ತಿ ತರ್ತೀರೇನು? ನಾ ಏನ್ ಕುರಿಮರಿ ಏನೋ?"

"ಕುರಿಮರಿ ಆದ್ರ ಹೇಳಿದ್ದು ಕೇಳತಿತ್ತು," ಎಂದ ನಾಮದೇವ. "ಮೂರ ವರ್ಸ ಪರ ಊರಾಗ ಇದ್ದಾಕಿನ್ನ ಅವರಾಗೇ ಕೇಳ್ಯಾರ. ಅದ ದೊಡ್ಡದು ತಿಳಕೋ."

ಅಪ್ಪ ಭರಮು ತಂಬಾಕು ತಿಕ್ಕುತ್ತ ನೆಲ ನೋಡಿದ. "ಸಾವಕಾಶ ಮಾತಾಡ್ರಿ. ಓಣ್ಯಾಗ ಕೇಳತೈತಿ." ಮಗಳ ಗತಿ ಏನೆಂಬುದಕ್ಕಿಂತ ಓಣಿ ಕೇಳೀತೆಂಬುದೇ ಅವನ ಚಿಂತೆ.

ಜನಾಬಾಯಿ ಹೇಳಿದ ಆ ಕಂಬಳಿ ಬಂದದ್ದು ಅದೇ ರಾತ್ರಿ. ಹೊಸ ಕರಿ ಕಂಬಳಿ ತಂದು ಅವ್ವ ಕೆಂಪವ್ವ ಮಗಳ ಹೆಗಲಿಗೆ ಹೊದಿಸಿದ್ದಳು. "ಥಂಡಿ ಭಾಳ ಐತಿ. ಹೊದ್ದ ಮಲ್ಕೊ, ನನ್ನವ್ವ."

ಸಾಂಗಲಿಯ ಇನ್ನೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಗುರುವಾರದೊಳಗೆ ಸೇರದಿದ್ದರೆ ಬೇರೆಯವರಿಗೆ. ಸೋಮವಾರ ಬೆಳಿಗ್ಗೆ ಬ್ಯಾಗು ಹಿಡಿದು ಕೋಮಲ ಬಸ್ಸಿನ ಬಾಗಿಲ ಮುಂದೆ ನಿಂತಳು. ಕಾಲು ಏಳಲಿಲ್ಲ.

"ಏರ್ರಿ ಅಕ್ಕಾರ, ಹೊತ್ತಾತು," ಕಂಡಕ್ಟರ್ ಕೂಗಿದ.

ಏರಬೇಕು. ಏರಲಾಗದು. ಮೊಣಕಾಲಿಗೆ ಏನೋ ಸುತ್ತಿಕೊಂಡಂತೆ, ಹಿಂದಿನಿಂದ ಯಾರೋ ಮೆಲ್ಲಗೆ ಜಗ್ಗಿದಂತೆ. ಮೂಗಿಗೆ ತೊಯ್ದ ಕುರಿಯ ಕಮಟು. ಬಸ್ಸು ಹೊರಟುಹೋಯಿತು. ಮಂಗಳವಾರವೂ ಹಾಗೆಯೇ. ಹೆದರಿಕೆಯಿಂದ ನರ ಹಿಡಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬುಧವಾರ ಊರಬಾಗಿಲ ಅಗಸೆಯನ್ನೂ ದಾಟಲಾಗಲಿಲ್ಲ. ಮನೆಗೆ ಬಂದಾಗ ನಾಮದೇವ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. "ಬಂದೇನವಾ? ಬಾ ಬಾ, ಚಾ ಕುಡಿ."

ಕಿಟಕಿಯಿಲ್ಲದ ನಡುಮನೆ. ನಡುಮಧ್ಯಾಹ್ನದಲ್ಲೂ ಕತ್ತಲು. ಕರೆಂಟಿರಲಿಲ್ಲ. ಜೋಳದ ಚೀಲಗಳ ಧೂಳು, ಕೊಳೆತ ಉಣ್ಣೆಯ ವಾಸನೆ, ಎಲ್ಲೋ ತಕಲಿ ತಿರುಗುವ ಗುಂಯ್ ಸದ್ದು. ಕೈಯಲ್ಲಿ ತಕಲಿ ಹಿಡಿದವರು ಯಾರೂ ಇರಲಿಲ್ಲ. ಕೋಮಲಳಿಗೆ ಕೆಮ್ಮು ಬಂತು. ಗಂಟಲಲ್ಲಿ ಏನೋ ಇತ್ತು. ಬೆರಳು ಹಾಕಿ ಎಳೆದಳು. ದಾರ. ಎಳೆದಳು. ಮತ್ತೂ ಬಂತು. ಮೊಳದಷ್ಟು. ಎರಡು ಮೊಳ. ಕರಿ ಉಣ್ಣೆ. ಅದರ ಸುತ್ತ ಹುರಿಗೊಂಡ ಕೂದಲು.

ಮೊಬೈಲಿನ ಬೆಳಕು ಹಾಕಿದಳು. ಕೂದಲಿನ ತುದಿ ಕೆಂಪು. ತನ್ನದೇ ಬಣ್ಣ. ಮೂಲೆಯಲ್ಲಿದ್ದ, ರಾತ್ರಿ ತಾನು ಹೊದೆಯುತ್ತಿದ್ದ ಕಂಬಳಿಯ ಮೇಲೆ ಬೆಳಕು ಹಿಡಿದಳು. ಎಳೆ ಎಳೆಯಲ್ಲೂ ಅದೇ ಕೆಂಪು. ಬೇಸಿಗೆಯಿಂದ ತನ್ನ ತಲೆ ಬಾಚಿ, ಹಣಿಗೆಯಲ್ಲಿ ಉಳಿದದ್ದನ್ನು ಸುತ್ತಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದ ಅವ್ವ!

ಕೆಂಪವ್ವ ಬಾಗಿಲಲ್ಲಿ ನಿಂತಿದ್ದಳು.

"ಯವ್ವಾ, ನೀನ?"

"ನಾನ. ನಿಮ್ಮಣ್ಣಗ ಒಂದು ಸಂಸಾರ ಆಗಲಿ ಅಂತ. ನನ್ನೂ ನಿಮ್ಮ ಸ್ವಾದರಮಾವಗ ಹೆಣ್ಣ ತರಾಕ ಸಾಟಿಗೆ ಕೊಟ್ಟಿದ್ರು. ನಾ ಬಾಳೇವ ಮಾಡಲಿಲ್ಲೇನ?"

ಬಾಳೇವು! ಮೂವತ್ತೈದು ವರ್ಷ ಬಾಯಿ ಹೊಲಿದುಕೊಂಡು ಬದುಕಿದ್ದಕ್ಕೆ ಆ ಹೆಸರು. ಕೋಮಲಳ ಕೈ ಗೋಡೆಯ ಗೂಟಕ್ಕೆ ಹೋಯಿತು. ಕುರಿ ಉಣ್ಣೆ ತೆಗೆಯುವ ಕತ್ತರಿ.

"ಬ್ಯಾಡ! ಎಳಿ ಎಳಿ ಬಿಚ್ಚು, ನನ್ನ ಮಗಳ. ನಿನ್ನ ಕೂದಲ ಕಡಿಮಿ ಬಿತ್ತು, ಅದಕ್ಕ ನಂದೂ..."

ಕೋಮಲ ಕೇಳಲಿಲ್ಲ. ಕತ್ತರಿಸಿದಳು. ಕಂಬಳಿ ಅರಚಿತು. ಮತ್ತೆ ಕತ್ತರಿಸಿದಳು. ಕಾಲು ಸಡಿಲಾಯಿತು. ಮತ್ತೆ. ಗಂಟಲು ತೆರೆಯಿತು. ಮತ್ತೆ. ಉಸಿರು. ಗಾಳಿ. ಮತ್ತೆ. ಹಿಂದೆ ಧೊಪ್ಪೆಂದು ಏನೋ ಬಿತ್ತು.

ತುಂಡಾದ ಕಂಬಳಿಯ ಎಳೆಗಳಲ್ಲಿ ಕೆಂಪಿನ ಜೊತೆ ಬಿಳಿ ಕೂದಲು ಮಿಂಚುತ್ತಿತ್ತು. ಹೊಸ್ತಿಲ ಮೇಲೆ ಅವ್ವ ಬಿದ್ದಿದ್ದಳು, ಬಾಯಿ ಸೊಟ್ಟಗಾಗಿ.

ಚಿಕ್ಕೋಡಿಯ ಡಾಕ್ಟರು ಲಕ್ವಾ ಎಂದರು. ಮಾತು ಹೋಗಿತ್ತು, ಕಾಲು ಹೋಗಿದ್ದವು. ಒಂದು ಕೈ ಮಾತ್ರ ಆಡುತ್ತಿತ್ತು.

ಸಾಂಗಲಿಯ ಗುರುವಾರ ಕಳೆಯಿತು. ಮರುವಾರ ರಾಯಬಾಗದವರು ಬಂದು, ಹಾಸಿಗೆ ನೋಡಿ, ಚಹಾ ಕುಡಿದರು. ಹೇಲುಚ್ಚೆ ಬಳಿಯಲು ತಮ್ಮ ಮಗಳನ್ನು ಕೊಡೆವೆಂದು ಹೇಳಿಹೋದರು. ಅಪ್ಪ, ಅಣ್ಣ ಕುರಿ ಹೊಡೆದುಕೊಂಡು ಕಾಗವಾಡದ ಕಡೆ ಹೊರಟರು. "ನಾಕ ತಿಂಗಳಿಗೆ ಬರ್ತೀವಿ. ನೀ ಅದೀಯಲ್ಲ," ಎಂದ ನಾಮದೇವ. ಕೇಳಿದ್ದಲ್ಲ, ಹೇಳಿದ್ದು.

ಕೋಮಲ ಗಂಜಿಯ ಚಮಚ ಅವ್ವನ ಬಾಯಿಗೆ ಹಿಡಿದಳು. ಕೆಂಪವ್ವ ಆಡುವ ಕೈಯಿಂದ ಚಮಚ ತಳ್ಳಿದಳು. ಮಗಳ ಎದೆಗೆ ಕೈಯಿಟ್ಟು ನೂಕಿದಳು. ಬಾಗಿಲ ಕಡೆ ಬೆರಳು ತೋರಿಸಿದಳು, ಮತ್ತೆ ಮತ್ತೆ, ಕಣ್ಣು ನೀರಾಗಿ. ಹೋಗು.

ಕೋಮಲಳ ಕಾಲುಗಳು ಹಗುರಾಗಿದ್ದವು. ಯಾವ ಮಾಟವೂ ಅವನ್ನು ಹಿಡಿದಿರಲಿಲ್ಲ.

ಅವಳು ಎದ್ದು ಬಾಗಿಲು ಮುಚ್ಚಿ ಬಂದು, ಚೆಲ್ಲಿದ ಗಂಜಿ ಒರೆಸಿದಳು.